ಸೂಜಿಯ ಕೆಲಸ ತಾಲ್ಲೂಕಿಗೆ ಬರಬೇಕು

(ಗೋಕಾಕದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಸಾಹಿತಿಗಳನ್ನು ಕರೆಯುತ್ತಾರೆ. ಈ ಸೀಮೆಯಲ್ಲಿ ಅವರಿಗೇನೂ ಕೊರತೆಯಿಲ್ಲ. ಆನಂದಕಂದರ ಬೆಟಗೇರಿ, ಕಟ್ಟೀಮನಿಯವರ ಮಲಾಮರಡಿ, ಕಂಬಾರರ ಘೋಡಗೇರಿ, ಶ್ರೀಕೃಷ್ಣ ಪಾರಿಜಾತದ ಕುಲಗೋಡ, ಕೌಜಲಗಿ ಎಲ್ಲವೂ ಇಲ್ಲಿಯವೇ. ಆದರೂ ಈ ದತ್ತಿ ಇಟ್ಟ ಮನೆತನದವರು ಈ ಸಲ ಸರ್ಕಾರಿ ದವಾಖಾನೆಯ ಡಾಕ್ಟರೊಬ್ಬರು ಮಾತಾಡಲಿ ಎಂದು ಬಯಸಿದರು. ಅವರಿಗೆ ಋಣಿ. ನಾನು ಇಂಟರ್‌ವೆನ್ಶನಲ್ ರೇಡಿಯಾಲಜಿಸ್ಟ್. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೋಗಿಗಳು ನನ್ನ ಟೇಬಲ್ಲಿಗೆ ಬರುತ್ತಾರೆ, ಬಹುಪಾಲು ತಡವಾಗಿ ಬರುತ್ತಾರೆ. ಯಾಕೆ ತಡ, ಆ ತಡ ತಪ್ಪಬೇಕಾದರೆ ಏನಾಗಬೇಕು ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಕೆಲಸ ಎಂಥದು ಎಂದು ಹೇಳಿಬಿಡುತ್ತೇನೆ. ತೊಡೆಸಂದಿಯಲ್ಲೋ ಮಣಿಕಟ್ಟಿನಲ್ಲೋ ಚರ್ಮ ಜುಮ್ಮೆನ್ನಿಸುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ರಕ್ತನಾಳ ಚುಚ್ಚುತ್ತೇವೆ. ಸೂಜಿಯೊಳಗಿಂದ ಒಂದು ಮಿಲಿಮೀಟರಿಗಿಂತ ತೆಳುವಾದ ತಂತಿ ಹೋಗುತ್ತದೆ. ಸೂಜಿ ಹೊರಗೆ ತೆಗೆದು ತಂತಿಯ ಮೇಲೆಯೇ ಒಂದು ನಳಿಗೆ ಜಾರಿಸುತ್ತೇವೆ. ಎಕ್ಸ್‌ರೇ ಪರದೆಯ ಮೇಲೆ ಅದರ ತುದಿ ನೋಡುತ್ತಾ ಕಾಲಿಗೋ ಮೆದುಳಿಗೋ ಗರ್ಭಕೋಶಕ್ಕೋ ಒಯ್ಯುತ್ತೇವೆ. ಕಟ್ಟಿಕೊಂಡ ನಾಳವಾದರೆ ಬಲೂನಿನಿಂದ ತೆರೆಯುತ್ತೇವೆ, ಸುರಿಯುತ್ತಿರುವ ನಾಳವಾದರೆ ಮುಚ್ಚುತ್ತೇವೆ. ಕೀವು ತುಂಬಿದ ಜಾಗವಿದ್ದರೆ ಅಲ್ಟ್ರಾಸೌಂಡ್ ನೋಡುತ್ತಾ ನೇರ ಅಲ್ಲಿಗೇ ಸೂಜಿ ಇಳಿಸಿ ನಳಿಗೆ ಬಿಟ್ಟು ಬರುತ್ತೇವೆ. ಹೆಚ್ಚಿನ ಸಲ ರೋಗಿ ಎಚ್ಚರವಾಗಿಯೇ ಇರುತ್ತಾರೆ, ನಮ್ಮ ಜೊತೆ ಮಾತಾಡುತ್ತಿರುತ್ತಾರೆ. ಮುಗಿದ ಮೇಲೆ ಹೊಲಿಗೆ ಇರುವುದಿಲ್ಲ, ಒಂದು ಸಣ್ಣ ಪಟ್ಟಿ ಇರುತ್ತದೆ.

ಸೂಜಿ, ತಂತಿ, ನಳಿಗೆ ಎಂಬ ಈ ಸರಳ ಕ್ರಮವನ್ನು 1953ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಸೆಲ್ಡಿಂಗರ್. ಅದಕ್ಕೂ ಮುಂಚೆ ದಪ್ಪ ನಳಿಗೆಯನ್ನು ನಾಳದೊಳಗೆ ತೂರಿಸಬೇಕಾದರೆ ಚರ್ಮ ಕೊಯ್ದು ನಾಳವನ್ನು ಹೊರಗೆಳೆಯಬೇಕಿತ್ತು. ಈ ಕೆಲಸ ನಡೆಯುವ ಜಗತ್ತಿನ ಯಾವ ಕ್ಯಾಥ್‌ಲ್ಯಾಬಿಗೆ ಹೋದರೂ ದಿನದ ಮೊದಲ ಕೆಲಸ ಇವತ್ತಿಗೂ ಸೆಲ್ಡಿಂಗರ್ ಹೇಳಿದ ಹಾಗೆಯೇ ಶುರುವಾಗುತ್ತದೆ.

ಅದನ್ನು ಚಿಕಿತ್ಸೆಯಾಗಿ ಮಾಡಿದವರು ಚಾರ್ಲ್ಸ್ ಡಾಟರ್. 1964ರ ಜನವರಿ 16. ಅಮೆರಿಕದ ಪೋರ್ಟ್‌ಲ್ಯಾಂಡ್. 82 ವರ್ಷದ ಒಬ್ಬ ಹೆಣ್ಣುಮಗಳ ಪಾದ ಕೊಳೆಯುತ್ತಿತ್ತು. ಸರ್ಜನ್ನರು ಕಾಲು ಕಡಿಯಲೇಬೇಕು ಎಂದಿದ್ದರು. ಆಕೆ ಸುತಾರಾಂ ಒಪ್ಪಲಿಲ್ಲ. ಡಾಟರ್ ಆಕೆಯ ತೊಡೆಯ ನಾಳದಲ್ಲಿ ಒಂದು ಕಡೆ ಇಕ್ಕಟ್ಟಾದ ಜಾಗ ಕಂಡು, ತಂತಿ ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಟೆಫ್ಲಾನ್ ನಳಿಗೆ ಜಾರಿಸಿ ದಾರಿ ಅಗಲ ಮಾಡಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಗಾಯ ಮಾಯಿತು. ಮುಂದೆ ಎರಡು ವರ್ಷಕ್ಕೂ ಮಿಕ್ಕಿ ಬದುಕಿದ ಆಕೆ ಕೊನೆವರೆಗೂ ತನ್ನೆರಡು ಕಾಲಮೇಲೆಯೇ ಓಡಾಡಿದಳು. ಡಾಟರರನ್ನು ಅವರದೇ ದೇಶದ ಸರ್ಜನ್ನರು ಬಹುಕಾಲ ನಂಬಲಿಲ್ಲ. ಯುರೋಪಿನವರು ನಂಬಿದರು. ಡಾಟರರ ದಾರಿಯಲ್ಲೇ ನಡೆದ ಗ್ರುಯೆಂಟ್ಜಿಗ್ ಬಲೂನು ಕಟ್ಟಿ, 1977ರಲ್ಲಿ ಜ್ಯೂರಿಕ್ಕಿನಲ್ಲಿ ಹೃದಯದ ನಾಳಕ್ಕೆ ಇಳಿಸಿದರು. ಇವತ್ತು ಮನೆಮಾತಾಗಿರುವ ಆಂಜಿಯೋಪ್ಲಾಸ್ಟಿ ಹುಟ್ಟಿದ್ದು ಹೃದಯದಲ್ಲಲ್ಲ, ಕಡಿಯಬೇಕೆಂದಿದ್ದ ಕಾಲಿನಲ್ಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎದೆನೋವಿಗೆ ಆಂಜಿಯೋಗ್ರಾಂ ಮಾಡಿಸಬೇಕು ಎಂಬುದು ಈಗ ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಗೊತ್ತು. ಕಾಲಿಗೂ ಹಾಗೇ ಮಾಡಬಹುದು ಎಂಬುದು ಮಾತ್ರ ಅರವತ್ತು ವರ್ಷವಾದರೂ ನಮ್ಮ ಊರುಗಳಿಗೆ ತಲುಪಿಲ್ಲ.

ನಾನು ಕಾಣುವ ಕಾಲುಗಳ ಬಗ್ಗೆ ಹೇಳಬೇಕು.

ಇದು ಕಬ್ಬಿನ ನಾಡು. ಹಿಡಕಲ್ ಜಲಾಶಯದ ನೀರು ಬಂದಲ್ಲೆಲ್ಲ ಕಬ್ಬು ನಿಂತಿದೆ. ಕಬ್ಬು ಕಡಿದ ಹೊಲದಲ್ಲಿ ಉಳಿದ ಕೂಳೆಯ ಮೊನೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಕ್ಕರೆ ಬ್ಯಾನಿ ಇದ್ದವರ ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ. ಬರಿಗಾಲಲ್ಲಿ ನೀರು ಹಾಯಿಸಲು ಹೋದವರಿಗೆ ಕೂಳೆ ಚುಚ್ಚಿದ್ದು ರಾತ್ರಿ ಹಾಸಿಗೆಗೆ ರಕ್ತ ಹತ್ತಿದಾಗ ಗೊತ್ತಾಗುತ್ತದೆ. ಅರಿಶಿನ ಹಚ್ಚಿ ಒಂದು ವಾರ ನೋಡುತ್ತಾರೆ. ಊರಿನ ಕಂಪೌಂಡರ್ ಇನ್ನೊಂದು ವಾರ ಡ್ರೆಸ್ಸಿಂಗ್ ಮಾಡುತ್ತಾನೆ. ಬೆರಳು ಕಪ್ಪಾದ ಮೇಲೆ ತಾಲ್ಲೂಕಿನ ದವಾಖಾನೆ, ಅಲ್ಲಿಂದ ಬೆಳಗಾವಿಯ ಸಿವ್ಹಿಲ್. ಅಷ್ಟರಲ್ಲಿ ಪಾದ ಅರ್ಧ ಹೋಗಿರುತ್ತದೆ.

ಇನ್ನೊಂದು ಕಾರಣ ತಂಬಾಕು. ಸಂಕೇಶ್ವರ ದಾಟಿದರೆ ನಿಪ್ಪಾಣಿ. ದೇಶಕ್ಕೆಲ್ಲ ಹೆಸರಾದ ಬೀಡಿ ತಂಬಾಕಿನ ಪೇಟೆ ಅದು. 1981ರಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲೇ ಬೀಡು ಬಿಟ್ಟು ಬೆಲೆಗಾಗಿ ಹೋರಾಡಿದ್ದು ಹಿರಿಯರಿಗೆ ನೆನಪಿರಬಹುದು. ತಂಬಾಕು ಈ ಭಾಗದ ಬಹಳ ಮನೆಗಳಿಗೆ ಅನ್ನ ಕೊಟ್ಟಿದೆ, ಇದನ್ನು ಬಲ್ಲೆ. ಕಾಲನ್ನೂ ತಿಂದಿದೆ. ಲಿಯೋ ಬರ್ಗರ್ ಎಂಬ ವೈದ್ಯರು 1908ರಲ್ಲಿ ವಿವರಿಸಿದ ಒಂದು ರೋಗವಿದೆ. ಮೂವತ್ತು, ಮೂವತ್ತೈದರ ದುಡಿಯುವ ಗಂಡಸರಿಗೆ, ಬೀಡಿ ಸೇದುವವರಿಗೆ ಬರುತ್ತದೆ. ಪಾದದ, ಕೈಬೆರಳಿನ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚುತ್ತವೆ. ಆಂಜಿಯೋಗ್ರಾಂನಲ್ಲಿ ಮೊಣಕಾಲಿನ ಕೆಳಗೆ ನೇರ ನಾಳ ಕಾಣುವುದೇ ಇಲ್ಲ, ಅದರ ಬದಲು ತಿರುಚಿಕೊಂಡ ಕೂದಲೆಳೆಯಂಥ ಅಡ್ಡದಾರಿಗಳು. ಇಲ್ಲಿ ನನ್ನ ಬಲೂನಿನ ಆಟ ಬಹಳ ಸಲ ನಡೆಯುವುದಿಲ್ಲ. ಬೀಡಿ ಬಿಟ್ಟವರ ಕಾಲು ಉಳಿಯುತ್ತದೆ, ಬಿಡದವರದು ಬೆರಳು, ಪಾದ, ಮೊಣಕಾಲು ಎಂದು ಮೇಲೇರುತ್ತಾ ಹೋಗುತ್ತದೆ. ಇದಕ್ಕಿಂತ ಖಾತ್ರಿಯಾದ ಔಷಧ ನನ್ನ ಕಪಾಟಿನಲ್ಲಿಲ್ಲ.

ಆದರೆ ಸಕ್ಕರೆಯಿಂದ, ವಯಸ್ಸಿನಿಂದ ಕಟ್ಟಿದ ಕಾಲು ಬೇರೆ. ಇಲ್ಲಿ ದಾರಿ ಉಂಟು. ಎಡದಂಡೆ ಕಾಲುವೆಯ ಕೊನೆಯಂಚಿನ ರೈತನ ಹೊಲ ಒಣಗಿದ್ದರೆ ತಪ್ಪು ಆ ಹೊಲದ್ದಲ್ಲ, ಮೇಲೆಲ್ಲೋ ನೀರು ತಡೆದಿದೆ. ಪಾದವೂ ದೇಹದ ಕೊನೆಯಂಚಿನ ಹೊಲವೇ. ಗಾಯಕ್ಕೆ ಎಷ್ಟೇ ಮುಲಾಮು ಹಚ್ಚಿದರೂ ಮೇಲಿನಿಂದ ರಕ್ತ ಬರದೆ ಅದು ಮಾಯದು. ಬೆರಳು ಕಡಿದರೆ ಕಡಿದ ಜಾಗವೂ ಮಾಯದು. ಆಗ ಇನ್ನೂ ಮೇಲೆ ಕಡಿಯುತ್ತಾರೆ.

ಅಂಥ ಒಬ್ಬರನ್ನು ನೆನೆಯುತ್ತೇನೆ. ಮೂಡಲಗಿ ಕಡೆಯ ರೈತರು. ತಿಂಗಳುಗಟ್ಟಲೆ ನಿದ್ದೆಯಿಲ್ಲ. ಮಲಗಿದರೆ ಪಾದ ಉರಿಯುತ್ತದೆ, ಎದ್ದು ಹೊರಸಿನಿಂದ ಕಾಲು ಇಳಿಬಿಟ್ಟು ಕೂತರೆ ಒಂದಿಷ್ಟು ಹಗುರ. ಕೂತಲ್ಲೇ ತೂಕಡಿಸಿ ತೂಕಡಿಸಿ ಪಾದ ಬಾತುಹೋಗಿತ್ತು. ಕಾಲು ಇಳಿಬಿಟ್ಟರೆ ನೋವು ಕಡಿಮೆ ಎಂದು ಯಾರಾದರೂ ಹೇಳಿದರೆ ಅದು ವಾತವಲ್ಲ, ರಕ್ತ ಮುಟ್ಟದ ಕಾಲು. ಇದೊಂದನ್ನು ದಯವಿಟ್ಟು ನೆನಪಿಡಿ. ಅವರ ತೊಡೆಯ ನಾಳ ಒಂದು ಗೇಣಿನಷ್ಟು ಉದ್ದಕ್ಕೆ ಪೂರ್ತಿ ಮುಚ್ಚಿತ್ತು. ತಂತಿಯ ತುದಿ ಮುಚ್ಚಿದ ಜಾಗಕ್ಕೆ ತಾಗಿದಾಗ ಬೆರಳಿಗೆ ತಿಳಿಯುತ್ತದೆ, ಗಟ್ಟಿ ಸುಣ್ಣಕ್ಕೆ ತಾಗಿದ ಹಾಗೆ. ಒತ್ತಿದರೆ ನಾಳ ತೂತಾಗುತ್ತದೆ, ಒತ್ತದಿದ್ದರೆ ದಾಟುವುದಿಲ್ಲ. ತಂತಿಯನ್ನು ಎರಡು ಬೆರಳ ನಡುವೆ ತಿರುವುತ್ತಾ, ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ. ಎಷ್ಟೋ ಹೊತ್ತಿನ ಮೇಲೆ ಆಚೆ ಕಡೆಯ ಬಯಲು ಸಿಕ್ಕಿತು. ಬಲೂನು ಒಯ್ದು ಎಂಟು ವಾತಾವರಣದ ಒತ್ತಡಕ್ಕೆ ಉಬ್ಬಿಸಿದಾಗ ಅದರ ನಡುವೆ ಒಂದು ಕಡೆ ಸೊಂಟ ಬಿಗಿದಂತೆ ಇತ್ತು. ನೋಡುನೋಡುತ್ತ ಅದು ಬಿಟ್ಟುಕೊಂಡಿತು. ಬಣ್ಣದ ಔಷಧ ಬಿಟ್ಟಾಗ ಪರದೆಯ ಮೇಲೆ ಕಪ್ಪು ಗೆರೆ ಹಿಮ್ಮಡಿವರೆಗೂ ಹರಿಯಿತು. ಟೇಬಲ್ ಮೇಲೆ ಮಲಗಿದವರು, “ಡಾಕ್ಟರ, ಕಾಲಾಗ ಬಿಸಿ ಇಳದಂಗಾತು” ಎಂದರು. ಸತ್ತ ಎರಡು ಬೆರಳು ಹೋದವು. ಪಾದ ಉಳಿಯಿತು.

ಇದೇ ಕಾಲನ್ನು ಮೊಣಕಾಲ ಮೇಲೆ ಕಡಿಯಲು ಸಹಿ ಹಾಕಿಸಿಕೊಂಡಾಗಿತ್ತು. ಹಾಗೆ ಸಹಿ ಹಾಕಿಸಿದ ಆಸ್ಪತ್ರೆಯ ಹೆಸರು ನಾನು ಎತ್ತುವುದಿಲ್ಲ, ಅಲ್ಲಿನವರು ಕೆಟ್ಟವರೂ ಅಲ್ಲ. ನಾಳ ತೋರಿಸುವ ವ್ಯವಸ್ಥೆ ಅವರ ಕೈಗೆಟುಕುವಂತೆ ಇರಲಿಲ್ಲ, ವಿಷ ಮೇಲೇರುವ ಮೊದಲು ಜೀವ ಉಳಿಸಬೇಕಿತ್ತು. ಆದರೆ ಮೇಲ್ಮಟ್ಟದಲ್ಲಿ ಕಾಲು ಕಡಿಸಿಕೊಂಡ ಸಕ್ಕರೆ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಐದು ವರ್ಷದೊಳಗೆ ತೀರಿಹೋಗುತ್ತಾರೆ ಎಂದು ದೇಶದೇಶಗಳ ಅಧ್ಯಯನಗಳು ಹೇಳುತ್ತವೆ. ಹಾಗಿರುವಾಗ ನಾಳ ನೋಡದೆ ಕಡಿಯುವುದು ಎಂಥ ನಿರ್ಧಾರ ಎಂದು ಯೋಚಿಸಿ.

ನಾಳ ನೋಡಲು ಕ್ಯಾಥ್‌ಲ್ಯಾಬ್ ಬೇಕಿಲ್ಲ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಿನ ಹರಡಿನ ಹಿಂದೆ ಒಂದು ನಾಡಿ ಮಿಡಿಯುತ್ತದೆ. ಬೆರಳಿಟ್ಟು ನೋಡಬಹುದು, ಆಶಾ ಕಾರ್ಯಕರ್ತೆಗೂ ಕಲಿಸಬಹುದು. ಬಿಪಿ ಪಟ್ಟಿ ಮತ್ತು ರಕ್ತದ ಹರಿವು ಕೇಳಿಸುವ, ಅಂಗೈಯಲ್ಲಿ ಹಿಡಿಯುವ ಡಾಪ್ಲರ್ ಇದ್ದರೆ ಕಾಲಿನ ಒತ್ತಡವನ್ನು ಕೈಯ ಒತ್ತಡದಿಂದ ಭಾಗಿಸಿ ನೋಡಬಹುದು. 0.9ಕ್ಕಿಂತ ಕೆಳಗಿದ್ದರೆ ನಾಳ ಕಟ್ಟುತ್ತಿದೆ ಎಂದರ್ಥ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನಾಳವೇ ಸುಣ್ಣಗಟ್ಟಿ ಈ ಲೆಕ್ಕ ಮೋಸ ಮಾಡುವುದುಂಟು, ಅಂಥವರಿಗೆ ಡಾಪ್ಲರ್ ಸ್ಕ್ಯಾನ್ ಬೇಕು. ಅದಕ್ಕೂ ಬೆಳಗಾವಿಗೆ ಹೋಗಬೇಕಿಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ವಿಭಾಗ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರ, ಅದು ದೊಡ್ಡ ಊರಿಗೇ ಸರಿ ಎಂಬ ಭಾವನೆ ಸರ್ಕಾರದಲ್ಲೂ ಇದೆ, ಜನರಲ್ಲೂ ಇದೆ, ವೈದ್ಯರಲ್ಲೂ ಇದೆ. ಅರ್ಧ ಕೆಲಸಕ್ಕೆ ಅದು ನಿಜ. ಮೆದುಳಿನ ನಾಳದಿಂದ ಹೆಪ್ಪು ಎಳೆಯುವುದು ತಾಲ್ಲೂಕಿನಲ್ಲಿ ಆಗುವ ಕೆಲಸವಲ್ಲ. ಆದರೆ ಇನ್ನರ್ಧಕ್ಕೆ ಬೇಕಾದ್ದು ಅಲ್ಟ್ರಾಸೌಂಡ್ ಯಂತ್ರ, ಸೂಜಿ, ತಂತಿ, ಬಾಲ ಸುತ್ತಿಕೊಂಡ ನಳಿಗೆ. ಅದನ್ನು ಪಿಗ್‌ಟೇಲ್ ಎನ್ನುತ್ತೇವೆ. ಈ ಅರ್ಧ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯಬೇಕು, ನಡೆಯಬಹುದು.

ಯಕೃತ್ತಿನ ಕೀವುಗಡ್ಡೆಯನ್ನೇ ತೆಗೆದುಕೊಳ್ಳಿ. ಹೊಲಸು ನೀರಿನಿಂದ ಅಮೀಬಾ ಹೊಟ್ಟೆ ಸೇರುತ್ತದೆ, ಕರುಳಿನಿಂದ ಯಕೃತ್ತಿಗೆ ಹೋಗಿ ಕೀವು ಮಾಡುತ್ತದೆ. ಕುಡಿತದವರಲ್ಲಿ ಜಾಸ್ತಿ, ಗಂಡಸರಲ್ಲಿ ಜಾಸ್ತಿ. ಚಳಿಜ್ವರ, ಬಲಪಕ್ಕೆಯಲ್ಲಿ ನೋವು, ಉಸಿರೆಳೆದರೆ ಭುಜದವರೆಗೂ ಚುಳುಕು. ಸಣ್ಣ ಗಡ್ಡೆ ಮೆಟ್ರೊನಿಡಜೋಲ್ ಗುಳಿಗೆಗೇ ಕರಗುತ್ತದೆ. ದೊಡ್ಡದಾದರೆ, ಔಷಧಕ್ಕೆ ಬಗ್ಗದಿದ್ದರೆ ಕೀವು ಹೊರಗೆ ತೆಗೆಯಲೇಬೇಕು. ಎಡಭಾಗದ ಗಡ್ಡೆಯ ಬಗ್ಗೆ ಹೆಚ್ಚು ಭಯ, ಅದು ಹೃದಯದ ಸುತ್ತಲಿನ ಪೊರೆಯೊಳಗೆ ಒಡೆಯಬಹುದು. ಒಂದು ಕಾಲಕ್ಕೆ ಇದಕ್ಕೆಲ್ಲ ಹೊಟ್ಟೆ ಕೊಯ್ಯುತ್ತಿದ್ದರು.

ಈಗ ಹೀಗೆ ಮಾಡುತ್ತೇವೆ. ಅಲ್ಟ್ರಾಸೌಂಡಿನಲ್ಲಿ ಪಕ್ಕೆಲುಬಿನ ಸಂದಿಯಿಂದ ಗಡ್ಡೆ ನೋಡುತ್ತೇವೆ. ನಡುವೆ ಒಂದಿಷ್ಟು ಒಳ್ಳೆಯ ಯಕೃತ್ತು ಇರುವಂತೆ ದಾರಿ ಆರಿಸುತ್ತೇವೆ, ಇಲ್ಲದಿದ್ದರೆ ಕೀವು ಹೊಟ್ಟೆಯೊಳಗೆ ಸೋರುತ್ತದೆ. ಜುಮ್ಮೆನ್ನಿಸುವ ಇಂಜೆಕ್ಷನ್ ಕೊಟ್ಟು, ಉಸಿರು ಹಿಡಿಯಲು ಹೇಳಿ, ಸೂಜಿ ಇಳಿಸುತ್ತೇವೆ. ಪರದೆಯ ಮೇಲೆ ಸೂಜಿ ಬೆಳ್ಳಗೆ ಗೆರೆಯಾಗಿ ಗಡ್ಡೆಯೊಳಗೆ ಹೋದದ್ದು ಕಾಣುತ್ತದೆ. ತಂತಿ, ಅದರ ಮೇಲೆ ಪಿಗ್‌ಟೇಲ್. ತಂತಿ ಎಳೆದ ಕೂಡಲೇ ನಳಿಗೆಯ ತುದಿ ಒಳಗೆ ಸುರುಳಿ ಸುತ್ತಿಕೊಳ್ಳುತ್ತದೆ, ಎಳೆದರೆ ಬರುವುದಿಲ್ಲ. ಇಟ್ಟಿಗೆಯ ಕೆಂಪು ಕಂದು ಸೇರಿದ ಗಟ್ಟಿ ಕೀವು ಚೀಲಕ್ಕೆ ಇಳಿಯುತ್ತದೆ. ಲೀಟರುಗಟ್ಟಲೆ ಬಂದದ್ದನ್ನೂ ಕಂಡಿದ್ದೇನೆ. ಸಂಜೆಗೆ ಜ್ವರ ಇಳಿದಿರುತ್ತದೆ. ಮರುದಿನ ಬೆಳಿಗ್ಗೆ ರೊಟ್ಟಿ ಕೇಳುತ್ತಾರೆ. ವಾರಗಟ್ಟಲೆ ಅನ್ನ ಮುಟ್ಟದವರು ಹಾಗೆ ಕೇಳಿದಾಗ ಆ ವಾರ್ಡಿನಲ್ಲಿ ಆಗುವ ಸಂತೋಷಕ್ಕೆ ನಾನು ಈ ಕೆಲಸದಲ್ಲಿ ಉಳಿದಿದ್ದೇನೆ ಎಂದರೂ ಸರಿಯೇ.

ಇದಕ್ಕೆ ಬೇಕಾದ ಸಾಮಾನಿನ ಬೆಲೆ ಗೋಕಾಕದಿಂದ ಬೆಳಗಾವಿಗೆ ಬಾಡಿಗೆ ವಾಹನದಲ್ಲಿ ಹೋಗಿಬಂದು, ಜೊತೆಗಿದ್ದವರು ನಾಲ್ಕು ದಿನ ಹೋಟೆಲ್ಲಿನಲ್ಲಿ ಉಂಡ ಖರ್ಚಿಗಿಂತ ಹೆಚ್ಚಲ್ಲ. ಮೂತ್ರಪಿಂಡದ ದಾರಿ ಹರಳಿನಿಂದ ಕಟ್ಟಿ ಒಳಗೆ ಕೀವಾದರೆ ಬೆನ್ನ ಕಡೆಯಿಂದ ಇಂಥದೇ ನಳಿಗೆ ಹಾಕುತ್ತೇವೆ. ಅದು ತಾಸುಗಳ ಲೆಕ್ಕದ ಕೆಲಸ, ತಡವಾದರೆ ವಿಷ ರಕ್ತಕ್ಕೇರಿ ಜೀವ ಹೋಗುತ್ತದೆ. ಗರ್ಭಕಂಠದ ಕ್ಯಾನ್ಸರ್ ಬೆಳೆದು ಎರಡೂ ಕಡೆ ಮೂತ್ರ ಕಟ್ಟಿದ ಹೆಣ್ಣುಮಕ್ಕಳಿಗೂ ಇದೇ ಆಸರೆ. ಎದೆಯಲ್ಲಿ ತುಂಬಿದ ನೀರು ತೆಗೆಯುವುದು, ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಎಲ್ಲವೂ ಇದೇ ಸೂಜಿಯ ಸಂಸಾರ. ತುಂಡು ಪರೀಕ್ಷೆಗೆಂದೇ ಬೆಳಗಾವಿಗೆ ಹೋಗಿ, ತಾರೀಕು ಸಿಗದೆ ಮರಳಿ, ಮತ್ತೆ ಹೋಗಿ, ಅಷ್ಟರಲ್ಲಿ ರೋಗ ಬಲಿತವರು ಎಷ್ಟೋ ಜನ.

ಹಾಗಾದರೆ ತಾಲ್ಲೂಕಿನಲ್ಲಿ ಯಾಕೆ ಆಗುತ್ತಿಲ್ಲ? ಯಂತ್ರವಿಲ್ಲವೆಂದಲ್ಲ. ಮೊದಲ ಕಾರಣ, ಇದ್ದ ರೇಡಿಯಾಲಜಿಸ್ಟ್ ಬೆಳಗಿನಿಂದ ಬಸುರಿಯರ ಸ್ಕ್ಯಾನಿಂಗ್ ಸಾಲಿನಲ್ಲಿ ಮುಳುಗಿರುತ್ತಾರೆ. ಪ್ರತಿ ಸ್ಕ್ಯಾನಿಗೂ ಭ್ರೂಣಲಿಂಗ ಪತ್ತೆ ತಡೆ ಕಾಯಿದೆಯ ನಮೂನೆ ತುಂಬಬೇಕು. 1994ರ ಆ ಕಾಯಿದೆ ನಮ್ಮ ಹೆಣ್ಣುಮಕ್ಕಳ ಜೀವಕ್ಕಾಗಿ ಬಂದದ್ದು, ಅದು ಒಂದೆಳೆಯೂ ಸಡಿಲವಾಗಬಾರದು. ಆದರೆ ಕಾಯಿದೆಯ ಹೆದರಿಕೆಯಿಂದ ಯಂತ್ರವನ್ನು ಒಂದೇ ಕೋಣೆಗೆ ಕಟ್ಟಿಹಾಕಬೇಕಿಲ್ಲ. ಅದೇ ಆವರಣದೊಳಗೆ ಬಳಸಲು ಸರಿಯಾಗಿ ನೋಂದಣಿ ಮಾಡಿಸಿದ ಎರಡನೆಯ ಯಂತ್ರವನ್ನು ತುರ್ತು ವಿಭಾಗಕ್ಕೆಂದೇ ಇಡಬಹುದು.

ಎರಡನೆಯದು, ಸಾಮಾನು. ಹೊರಗಿನವರಿಗೆ ಇದು ಕ್ಷುಲ್ಲಕ ಅನ್ನಿಸುತ್ತದೆ. ಸರ್ಕಾರಿ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸಿದ್ದು ಇದೇ. ಯಂತ್ರದ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ತಂತಿ ಮುಗಿದ ದಿನ ಯಾರೂ ಬರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಕೋಟಿ ಬೆಲೆಯ ಯಂತ್ರ ಮಾಡಿನ ಕೆಳಗೆ ಸುಮ್ಮನೆ ನಿಂತಿತ್ತು, ಯಾಕೆಂದರೆ ಕೆಲವು ಸಾವಿರದ ನಳಿಗೆಯ ಇಂಡೆಂಟು ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು. ಒಂದು ಅಳತೆ ಬೇಕಾದಲ್ಲಿ ಬೇರೊಂದು ಅಳತೆ ಬರುತ್ತದೆ, ಯಾಕೆಂದರೆ ಕಾಗದದ ಮೇಲೆ ಎರಡೂ ‘ಕ್ಯಾಥೆಟರ್’. ರೋಗಿಯ ಮಗನ ಕೈಗೆ ಚೀಟಿ ಕೊಟ್ಟು ಹೊರಗಿನ ಅಂಗಡಿಗೆ ಕಳಿಸಬೇಕಾಗಿ ಬರುವ ಆ ಗಳಿಗೆ ಇದೆಯಲ್ಲ, ಅದರ ಸಂಕಟ ಸರ್ಕಾರಿ ವೈದ್ಯರಿಗೆಲ್ಲ ಗೊತ್ತು. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ ಎಂದು ಅವನು ನೆಲ ನೋಡುತ್ತಾ ನಿಲ್ಲುತ್ತಾನೆ.

ಹಣದ ದಾರಿಗಳೇ ಇಲ್ಲವೆಂದಲ್ಲ. ಬಿಪಿಎಲ್ ಕಾರ್ಡಿದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ, ನಡುವೆ ನಿಂತು, ಮತ್ತೆ ಬಂದಿದೆ. ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಬೆಲೆಮಿತಿ ಹಾಕಿದಾಗ ಎಷ್ಟು ಮನೆಗಳು ಉಸಿರಾಡಿದವು ಎಂದು ನೋಡಿದ್ದೇನೆ. ಕಾಲಿನ ನಾಳಕ್ಕೂ, ಮೆದುಳಿನ ನಾಳಕ್ಕೂ ಬೇಕಾದ ಸಾಮಾನಿಗೆ ಅಂಥ ಮಿತಿ ಬರಬೇಕು. ಸರ್ಕಾರಿ ಸಂಸ್ಥೆಯಲ್ಲಿ ಇಂಥ ಕೆಲಸ ಆಗದು ಎನ್ನುವವರಿಗೆ ನಾನು ಬೆಂಗಳೂರಿನ ಜಯದೇವ ಮತ್ತು ನಿಮ್ಹಾನ್ಸ್ ತೋರಿಸುತ್ತೇನೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಜಯದೇವದಲ್ಲಿ ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬ ಪದ್ಧತಿ ನಡೆಯಿತು. ಕಪಾಟಿನಲ್ಲಿ ಸಾಮಾನು ಇದ್ದರೆ ಮಾತ್ರ ಹಾಗೆ ಹೇಳಲು ಬರುತ್ತದೆ.

ಮೂರನೆಯದು ಮನುಷ್ಯರು. ಈ ವಿಭಾಗದಲ್ಲಿ ಡಿಎಂ ಎಂಬ ಉನ್ನತ ಪದವಿ ಮಾಡುವ ಸೀಟುಗಳು ದೇಶಕ್ಕೇ ಬಹಳ ಕಡಿಮೆ, ಮಾಡಿದವರು ಮಹಾನಗರಗಳಲ್ಲಿ ಉಳಿಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಸೀಸದ ಏಪ್ರನ್ ಹೊತ್ತು ದಿನವಿಡೀ ನಿಂತು ಬೆನ್ನು ಹೋಗುತ್ತದೆ. ಎದೆಯ ಮೇಲಿನ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಹೋಗಿ ಎಷ್ಟು ವಿಕಿರಣ ತಾಗಿತು ಎಂಬ ಲೆಕ್ಕ ತರುತ್ತದೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಒಬ್ಬರೇ ಇದ್ದ ಕಡೆ ರಾತ್ರಿಯೂ ಅವರೇ, ಹಬ್ಬಕ್ಕೂ ಅವರೇ. ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವ ಎಂದು ನಡುರಾತ್ರಿ ಕರೆ ಬಂದರೆ ಗರ್ಭಕೋಶದ ನಾಳ ಮುಚ್ಚಿ ತಾಯಿಯನ್ನೂ, ಆಕೆಯ ಗರ್ಭಕೋಶವನ್ನೂ ಉಳಿಸಬಹುದು. ಆದರೆ ನಾನೊಬ್ಬ ಎದ್ದು ಬಂದರೆ ಸಾಲದು. ಟೆಕ್ನಿಷಿಯನ್, ನರ್ಸ್, ಅರಿವಳಿಕೆ ತಜ್ಞರು ಎಲ್ಲರೂ ಬರಬೇಕು. ಹುದ್ದೆ ಮಂಜೂರು ಮಾಡುವಾಗ ಡಾಕ್ಟರ ಹೆಸರಷ್ಟೇ ಬರೆದರೆ ಕೆಲಸ ನಡೆಯುವುದಿಲ್ಲ.

ಇದರಲ್ಲಿ ನರ್ಸಿನ ಪಾಲು ಎಲ್ಲಕ್ಕಿಂತ ದೊಡ್ಡದು. ನಳಿಗೆ ಹಾಕುವುದು ಅರ್ಧ ತಾಸಿನ ಕೆಲಸ. ಅದನ್ನು ದಿನವೂ ಸಲೈನಿನಿಂದ ತೊಳೆದು, ಬಂದ ಕೀವಿನ ಅಳತೆ ಬರೆದಿಟ್ಟು, ಮಡಚಿಕೊಳ್ಳದಂತೆ ಅಂಟಿಸಿ, ಕಟ್ಟಿಕೊಂಡರೆ ಕೂಡಲೇ ಹೇಳುವವರು ಇಲ್ಲದಿದ್ದರೆ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ. ಹುಕ್ಕೇರಿಯ ಕಡೆ ಮನೆಗೆ ಹೋದ ಒಬ್ಬ ತಾಯಿಗೆ ಮೂತ್ರಪಿಂಡದ ನಳಿಗೆಯಿತ್ತು. ಅವರ ಸೊಸೆ ಆ ಚೀಲ ಖಾಲಿ ಮಾಡುವುದು, ಪಟ್ಟಿ ಬದಲಿಸುವುದು ಎಲ್ಲ ಕಲಿತು, ಲೆಕ್ಕವನ್ನು ಮಗನ ಶಾಲೆಯ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದು ತರುತ್ತಿದ್ದಳು. ಎಷ್ಟೋ ಕೇಸ್‌ಶೀಟುಗಳಿಗಿಂತ ಆ ಲೆಕ್ಕ ಚೊಕ್ಕವಾಗಿತ್ತು.

ಡಯಾಲಿಸಿಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಬಂದದ್ದು ಕರ್ನಾಟಕ ಮಾಡಿದ ದೊಡ್ಡ ಕೆಲಸ. ವಾರಕ್ಕೆ ಎರಡು ಮೂರು ಸಲ ಬೆಳಗಾವಿಗೋ ಮಿರಜಿಗೋ ಅಲೆಯುವುದು ಅನೇಕರಿಗೆ ತಪ್ಪಿತು. ಆದರೆ ಯಂತ್ರಕ್ಕೆ ರಕ್ತ ಕೊಡುವ ದಾರಿ ಕೈಯಲ್ಲಿ ನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲ. ಅದು ಇಕ್ಕಟ್ಟಾಗಿ ನಿಂತುಹೋದರೆ ಕುತ್ತಿಗೆಗೆ ನಳಿಗೆ ಹಾಕುತ್ತಾರೆ, ಸೋಂಕಾಗುತ್ತದೆ, ಮತ್ತೊಂದು ಕಡೆ ಹಾಕುತ್ತಾರೆ, ಕೊನೆಗೆ ಹಾಕಲು ಜಾಗವೇ ಉಳಿಯುವುದಿಲ್ಲ. ಫಿಸ್ಟುಲದ ಮೇಲೆ ಕೈಯಿಟ್ಟರೆ ಗುಂಯ್ ಎನ್ನುವ ಕಂಪನ ತಿಳಿಯಬೇಕು. ದಿನವೂ ಬೆಳಿಗ್ಗೆ ಮುಟ್ಟಿ ನೋಡಿಕೊಳ್ಳಿ, ಕಂಪನ ಕಡಿಮೆಯಾದ ದಿನವೇ ಬನ್ನಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅದೇ ದಿನ ಬಂದರೆ ಬಲೂನಿನಿಂದ ಸರಿ ಮಾಡಬಹುದು, ವಾರ ಕಳೆದು ಬಂದರೆ ಬಹುತೇಕ ಹೊಸ ಫಿಸ್ಟುಲವೇ ಗತಿ. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ.

ಲಕ್ವದ ಮಾತು ಚಿಕ್ಕದಾಗಿ ಹೇಳುತ್ತೇನೆ. ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಷ್ಟೇ ಅವಕಾಶ. ದೊಡ್ಡ ನಾಳ ಕಟ್ಟಿದ್ದರೆ ನಳಿಗೆಯಿಂದ ಹೆಪ್ಪನ್ನು ಎಳೆದು ತೆಗೆಯಬಹುದು ಎಂದು 2015ರಲ್ಲಿ ಒಂದರ ಹಿಂದೊಂದು ಅಧ್ಯಯನಗಳು ತೋರಿಸಿದವು. 2018ರಲ್ಲಿ, ಆರಿಸಿದ ಕೆಲವರಿಗೆ ಆ ಅವಕಾಶ 24 ತಾಸಿನವರೆಗೂ ಚಾಚಿತು. ಗೋಕಾಕದಿಂದ ಬೆಳಗಾವಿ ಅರವತ್ತು ಎಪ್ಪತ್ತು ಕಿಲೋಮೀಟರ್, ಮೂಡಲಗಿಯಿಂದ ಇನ್ನೂ ದೂರ. ದಾರಿಗಿಂತ ಹೆಚ್ಚು ಹೊತ್ತು ತಿನ್ನುವುದು ಲಕ್ವಕ್ಕೆ ಸೊಪ್ಪಿನ ರಸ ಕೊಡುವವರ ಮನೆ ಬಾಗಿಲು. ನಾಟಿ ವೈದ್ಯರ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಆ ನಾಲ್ಕೂವರೆ ತಾಸು ಆಸ್ಪತ್ರೆಯವು. ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಎದೆನೋವಿಗೆ ತಾಲ್ಲೂಕಿನಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಿದೆ. ಸಿಟಿ ಯಂತ್ರ ಇದ್ದ ಕಡೆಯೆಲ್ಲ ಮೆದುಳಿಗೂ ಅಂಥದೇ ಏರ್ಪಾಡು ಆಗಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಮುಟ್ಟಿನಲ್ಲಿ ವಿಪರೀತ ಹೋಗುತ್ತದೆ, ಗಡ್ಡೆಯಿದೆ ಎಂದ ಕೂಡಲೇ ಗರ್ಭಕೋಶವನ್ನೇ ತೆಗೆಸುವುದು ನಮ್ಮ ಕಡೆ ರೂಢಿಯಾಗಿದೆ. ಮೂವತ್ತೈದಕ್ಕೇ ತೆಗೆಸಿಕೊಂಡು ಮೂಳೆ ಸವೆದು ಬರುವವರಿದ್ದಾರೆ. ಗಡ್ಡೆಗೆ ಹೋಗುವ ನಾಳವನ್ನಷ್ಟೇ ಮುಚ್ಚಿ ಅದನ್ನು ಕುಗ್ಗಿಸುವ ಚಿಕಿತ್ಸೆಯನ್ನು ಪ್ಯಾರಿಸ್ಸಿನ ರವಿನಾ ಅವರು 1995ರಲ್ಲೇ ವರದಿ ಮಾಡಿದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಎಲ್ಲರಿಗೂ ಈ ನಾಳ ಮುಚ್ಚುವ ಚಿಕಿತ್ಸೆ ಹೊಂದುವುದಿಲ್ಲ. ಕೇಳುವ ಹಕ್ಕು ಎಲ್ಲರಿಗೂ ಇದೆ.

ಈ ಭಾಗದವರು ಹಿಂದೆ ಕಾಯಿಲೆಯಾದರೆ ರೈಲು ಹತ್ತಿ ಮಿರಜಿಗೆ ಹೋಗುತ್ತಿದ್ದರು, ವಾನ್ಲೆಸ್ ಸಾಹೇಬರು ಕಟ್ಟಿದ ಮಿಷನ್ ಆಸ್ಪತ್ರೆಗೆ. ಆ ದಾರಿಯಲ್ಲೇ ಘಟಪ್ರಭಾದಲ್ಲಿ ಡಾ. ನಾ.ಸು. ಹರ್ಡೀಕರ, ಡಾ. ಕೋಕಟನೂರರಂಥವರು ಸ್ವಾತಂತ್ರ್ಯಕ್ಕೂ ಮುಂಚೆ ಆರೋಗ್ಯಧಾಮ ಕಟ್ಟಿದರು. ಹುಕ್ಕೇರಿಯವರು 1969ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಹಳ್ಳಿಗಳಿಗೆ ವಿದ್ಯುತ್ ಹಂಚಿದರು. ನಮಗೆ ಬೇಕಾದ್ದನ್ನು ಯಾರಾದರೂ ತಂದುಕೊಡಲಿ ಎಂದು ಕಾದು ಕೂತ ಸೀಮೆಯಲ್ಲ ಇದು. ಅದಕ್ಕೇ ನಾನು ಈ ಸಭೆಯಲ್ಲಿ ಧೈರ್ಯವಾಗಿ ಕೇಳುತ್ತಿದ್ದೇನೆ.

ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಕೈಯಲ್ಲಿ ಸ್ಥಳೀಯವಾಗಿ ಖರ್ಚು ಮಾಡಲು ಒಂದಿಷ್ಟು ಹಣವಿರುತ್ತದೆ. ಬಣ್ಣ, ಬೋರ್ಡು, ಕುರ್ಚಿ ಆಮೇಲೆ ಆಗಲಿ. ಮುಂದಿನ ಸಭೆಯಲ್ಲಿ ಇವನ್ನು ಕೇಳಿ: 18 ಗೇಜಿನ ಉದ್ದ ಸೂಜಿ, 0.035 ಇಂಚಿನ ತಂತಿ, 8 ಮತ್ತು 10 ಫ್ರೆಂಚ್ ಅಳತೆಯ ಪಿಗ್‌ಟೇಲ್, ಚೀಲ, ತುಂಡು ಪರೀಕ್ಷೆಯ ಸೂಜಿ, ಅಂಗೈ ಡಾಪ್ಲರ್ ಒಂದು. ಮುಗಿಯುವ ಮೊದಲೇ ತರಿಸುವ ಜವಾಬ್ದಾರಿ ಒಬ್ಬರ ಹೆಸರಿಗೆ ಬರೆದಿಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನಿಂದ ಒಬ್ಬೊಬ್ಬ ವೈದ್ಯರನ್ನು, ಇಬ್ಬಿಬ್ಬರು ನರ್ಸುಗಳನ್ನು ಕಳಿಸಿಕೊಡಿ. ನಳಿಗೆ ಹಾಕುವುದನ್ನು ವೈದ್ಯರಿಗೂ, ನೋಡಿಕೊಳ್ಳುವುದನ್ನು ನರ್ಸುಗಳಿಗೂ ನಾನು, ನನ್ನ ಜೊತೆಯವರು ಕಲಿಸುತ್ತೇವೆ. ಮೊದಲ ಕೆಲವು ರೋಗಿಗಳಿಗೆ ಇಲ್ಲಿಗೇ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ಫೋನಿನಲ್ಲಿ ಸಿಗುತ್ತೇನೆ, ರಾತ್ರಿಯಾದರೂ ಸರಿ.